ಜೀವನಾಂಶದ ಬಾಕಿ, ಜೈಲಿನ ಗೇಟು: ಸರ್ಕಾರದಲ್ಲಿ ಉತ್ತರ ಹೇಳಬೇಕಾದವರು ಯಾರು?

ಬಯಲುಸೀಮೆ
ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಒಟ್ಟಿಗೆ ಕೇಳ್ತಿದ್ದೀನಿ, ಯಾಕಂದ್ರೆ ಎರಡೂ ಒಂದೇ ಜಾಗದಲ್ಲಿ ಹೋಗಿ ಸಿಕ್ಕಿಹಾಕಿಕೊಳ್ತವೆ.

ಒಂದು: ಜೀವನಾಂಶ ಕಟ್ಟದ ಗಂಡನ ಮೇಲೆ ವಾರಂಟ್ ಹೊರಡುತ್ತೆ. ಒಂದು ತಿಂಗಳು ಒಳಗಿದ್ದು ಆಚೆ ಬರ್ತಾನೆ. ಹೆಂಡತಿ ಮಕ್ಕಳ ಕೈಗೆ ಒಂದು ರೂಪಾಯಿ ಬಂದಿರಲ್ಲ.

ಎರಡು: ಬೇರೆ ಕೇಸಲ್ಲಿ ಆಗಲೇ ಜೈಲಲ್ಲಿರೋನ ಮೇಲೆ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಬೀಳುತ್ತೆ. ಸಮನ್ಸ್ ಅವನ ಮನೆಗೆ ಹೋಗಿ ‘ಬಾಗಿಲು ಬೀಗ’ ಅನ್ನೋ ಷರಾ ಹೊತ್ತು ವಾಪಸ್ ಬರುತ್ತೆ. ಕೊನೆಗೆ ಎಕ್ಸ್‌ಪಾರ್ಟಿ ಆದೇಶ, ಅಂದ್ರೆ ಅವನ ಗೈರಲ್ಲೇ ಕೊಟ್ಟದ್ದು. ಅವನು ಬಿಡುಗಡೆಯಾಗಿ ಬರೋ ಹೊತ್ತಿಗೆ ಲಕ್ಷಗಟ್ಟಲೆ ಬಾಕಿ, ಮೇಲೊಂದು ವಾರಂಟು.

ಗೃಹ ಇಲಾಖೆ ಕೇಳಿದ್ರೆ ಕೋರ್ಟ್ ಕಡೆ ತೋರಿಸ್ತಾರೆ. ಕೋರ್ಟ್ ಆಫೀಸಲ್ಲಿ ಕೇಳಿದ್ರೆ ಪೊಲೀಸರ ಕಡೆ. ಯಾವ ಕೆಲಸಕ್ಕೆ ಯಾರು ಹೊಣೆ, ಯಾವ ಕಲಂ ಹಿಡಿದು ಕೇಳಬೇಕು? ತಿಳಿದೋರು ಬಿಡಿಸಿ ಹೇಳಿ.

ಹಳೇಫೈಲು
ಮೊದಲನೇದರ ಬಗ್ಗೆ ಹೇಳ್ತೀನಿ. 1-7-2024ರಿಂದ ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 125ರ ಜಾಗದಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಬಂದಿದೆ, ಸಾರ ಅದೇ. ಉಪಕಲಂ 3ರ ಕ್ರಮ ಗಮನಿಸಿ. ನೇರವಾಗಿ ಜೈಲು ಅಂತ ಎಲ್ಲೂ ಇಲ್ಲ. ಮೊದಲು ಬಾಕಿಯನ್ನು ದಂಡದ ಹಾಗೆ ವಸೂಲಿ ಮಾಡೋಕೆ ವಾರಂಟ್, ಅಂದ್ರೆ ನಮ್ಮ ಕೋರ್ಟುಗಳಲ್ಲಿ ಎಲ್ಲರೂ ಹೇಳೋ ಎಫ್‌ಎಲ್‌ಡಬ್ಲ್ಯು (ಫೈನ್ ಲೆವಿ ವಾರಂಟ್). ಅದು ಜಾರಿಯಾದ ಮೇಲೂ ಉಳಿದ ಬಾಕಿಗೆ, ಸಕಾರಣ ಇಲ್ಲದೆ ಕಟ್ಟಿಲ್ಲ ಅಂತಾದ್ರೆ ಮಾತ್ರ, ಒಂದು ತಿಂಗಳವರೆಗೆ ಅಥವಾ ದುಡ್ಡು ಕಟ್ಟೋವರೆಗೆ ಸಜೆ.

ಕೆಡೋದು ಈ ಮಧ್ಯದ ಹಂತದಲ್ಲಿ. ಎಫ್‌ಎಲ್‌ಡಬ್ಲ್ಯು ಠಾಣೆಗೆ ಹೋಗುತ್ತೆ, ಪೇದೆ ‘ಆಸಾಮಿ ಸಿಕ್ಕಿಲ್ಲ’ ಅಥವಾ ‘ಜಪ್ತಿಗೆ ಚರಾಸ್ತಿ ಇಲ್ಲ’ ಅಂತ ಒಂದು ಸಾಲು ಬರೆದು ವಾಪಸ್ ಕಳಿಸ್ತಾರೆ. ಅವನ ಹೆಸರಲ್ಲಿ ಪಹಣಿ ಇದೆಯಾ, ಬೈಕ್ ಇದೆಯಾ, ಸಂಬಳ ಎಲ್ಲಿಂದ ಬರುತ್ತೆ, ಯಾವುದನ್ನೂ ನೋಡಿರಲ್ಲ. ಅಲ್ಲಿಂದ ಸೀದಾ ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್). ಹಾಗಾಗಿ ವಸೂಲಿ ಆಗಬೇಕಾದ ಜಾಗದಲ್ಲಿ ಬಂಧನ ಆಗುತ್ತೆ.

ಮಲ್ಲಿಗೆಬಳ್ಳಿ
ಹಂಗಾದ್ರೆ ಒಂದು ತಿಂಗಳು ಒಳಗಿದ್ದು ಬಂದ್ರೆ ಸಾಲ ತೀರಿದ ಹಾಗಾ? ತುಂಬಾ ಜನ ಹಾಗೇ ಹೇಳಿಕೊಂಡು ಓಡಾಡ್ತಾರೆ.

ಹಳೇಫೈಲು
ಖಂಡಿತ ಇಲ್ಲ ಮೇಡಂ. 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಸಜೆ ಅನ್ನೋದು ವಸೂಲಿಗೆ ಒತ್ತಡ ಹಾಕೋ ದಾರಿ, ಬಾಕಿ ಹಾಗೇ ನಿಲ್ಲುತ್ತೆ. ಹಲವು ತಿಂಗಳ ಬಾಕಿ ಒಟ್ಟಿಗೆ ಇದ್ದಾಗ ಒಂದು ತಿಂಗಳಿಗಿಂತ ಹೆಚ್ಚು ಸಜೆ ಕೊಡಬಹುದಾ ಅನ್ನೋದರಲ್ಲಿ ಮಾತ್ರ ತೀರ್ಪುಗಳು ಬೇರೆ ಬೇರೆ ದಾರಿ ಹಿಡಿದಿವೆ.

ಕಡತವಿಲೇವಾರಿ
ಠಾಣೆಯೊಂದನ್ನೇ ನಂಬಿಕೊಂಡು ಕೂರಬೇಡಿ. ದಂಡ ವಸೂಲಿಯ ಕಲಂ ಈಗ ಬಿಎನ್‌ಎಸ್‌ಎಸ್ 461, ಹಿಂದೆ ಸಿಆರ್‌ಪಿಸಿ 421. ಅದರಲ್ಲಿ ಎರಡು ದಾರಿ ಇದೆ. ಒಂದು ಚರಾಸ್ತಿ ಜಪ್ತಿ. ಇನ್ನೊಂದು, ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಿ ಭೂಕಂದಾಯದ ಬಾಕಿಯ ಹಾಗೆ ಚರ, ಸ್ಥಿರ ಎರಡೂ ಆಸ್ತಿಯಿಂದ ವಸೂಲಿ. ಹಳ್ಳಿ ಕಡೆ ಗಂಡನ ಹೆಸರಲ್ಲಿ ಎರಡೆಕರೆ ಇದ್ರೆ ಈ ಎರಡನೇ ದಾರಿಯೇ ಸರಿ. ಅರ್ಜಿಗೆ ಪಹಣಿ, ಮ್ಯುಟೇಶನ್ ಪ್ರತಿ ಲಗತ್ತಿಸಿ, ಸರ್ವೆ ನಂಬರ್ ಹಾಕಿ, ‘ಜಿಲ್ಲಾಧಿಕಾರಿಗೆ ವಾರಂಟ್ ಹೊರಡಿಸಿ’ ಅಂತ ಪ್ರಾರ್ಥನೆಯಲ್ಲೇ ಬರೀಬೇಕು. ಬರೀದಿದ್ರೆ ಆಫೀಸಿನವರು ಮಾಮೂಲಿ ಫಾರಂ ತುಂಬಿ ಠಾಣೆಗೇ ಕಳಿಸ್ತಾರೆ.

ಆಗ ಹೊಣೆ ಯಾರದ್ದು ಅನ್ನೋ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುತ್ತೆ. ವಾರಂಟ್ ಡಿಸಿ ಆಫೀಸಿಗೆ ಬಂದ ದಿನಾಂಕ, ತಹಶೀಲ್ದಾರ್‌ಗೆ ಹೋದ ದಿನಾಂಕ, ಏನು ಕ್ರಮ ಆಯ್ತು, ಎಲ್ಲಾ ಕಡತದಲ್ಲಿರಬೇಕು.

ಧಾರವಾಡ_ಸಾಧನಕೇರಿ
ಇದಕ್ಕ ಇನ್ನೊಂದು ಸೇರಸ್ರಿ. ಬಾಕಿ ಅರ್ಜಿ ಒಂದು ವರ್ಷದೊಳಗ ಹಾಕಬೇಕು, ಆ ತಿಂಗಳ ರೊಕ್ಕ ಯಾವತ್ತು ಕೊಡಬೇಕಿತ್ತೋ ಅವತ್ತಿಂದ. 20 ತಿಂಗಳ ಬಾಕಿ ಕೂಡಿಸಿಕೊಂಡು ಒಮ್ಮೆ ಹಾಕಿದ್ರ ಹಳೇ 8 ತಿಂಗಳಿಗೆ ವಾರಂಟ್ ಹೊರಡಂಗಿಲ್ಲ ಅಂತ ಎದುರಿನ ವಕೀಲರು ತಕರಾರು ತಗೀತಾರ. ಮೆಮೊ ಆಫ್ ಕ್ಯಾಲ್ಕುಲೇಶನ್‌ನಾಗ (ಬಾಕಿ ಲೆಕ್ಕದ ಪಟ್ಟಿ) ನಾಕು ಕಾಲಂ ಇರ್ಲಿ: ತಿಂಗಳು, ಕೊಡಬೇಕಾದದ್ದು, ಕೊಟ್ಟದ್ದು, ಉಳಿದದ್ದು. ಬ್ಯಾಂಕ್ ಪಾಸ್‌ಬುಕ್ ನಕಲು ಜೋಡಸ್ರಿ. ಲೆಕ್ಕ ಒಂದು ರೂಪಾಯಿ ತಪ್ಪಿದ್ರೂ ಮುಂದಿನ ತಾರೀಖು ಬೀಳ್ತದ.

ತುಂಗಾತೀರ
ಸಿವಿಲ್ ಎಕ್ಸಿಕ್ಯೂಷನ್, ಅಂದ್ರೆ ಸಿವಿಲ್ ಕೇಸಿನ ತೀರ್ಪಿನ ಹಾಗೆ ಆದೇಶ ಜಾರಿ ಮಾಡಿಸೋದರ ಬಗ್ಗೆ ಯಾರೂ ಹೇಳಲಿಲ್ಲ. 2020ರ ನವೆಂಬರ್ 4ರ ಸುಪ್ರೀಂ ಕೋರ್ಟಿನ ರಜನೇಶ್ ವರ್ಸಸ್ ನೇಹಾ ತೀರ್ಪು ಜೀವನಾಂಶದ ಆದೇಶವನ್ನು ಹಣದ ಡಿಕ್ರಿಯ (ಸಿವಿಲ್ ತೀರ್ಪಿನ) ಹಾಗೆ ಜಾರಿ ಮಾಡಬಹುದು ಅಂತ ಹೇಳಿದೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 60ರ ಪ್ರಕಾರ ಜೀವನಾಂಶದ ಡಿಕ್ರಿ ಆದ್ರೆ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ವಿನಾಯಿತಿ, ಉಳಿದ ಎರಡು ಭಾಗ ಅಟ್ಯಾಚ್ (ಜಪ್ತಿ) ಮಾಡಬಹುದು. ತಿಂಗಳಿಗೆ 30,000 ಸಂಬಳ ಅಂದ್ರೆ 20,000ದವರೆಗೆ. ಸಂಬಳ ಕೊಡೋ ಕಚೇರಿಗೆ ಆದೇಶ ಹೋದ್ರೆ ಜೈಲೂ ಬೇಡ, ಪೊಲೀಸೂ ಬೇಡ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಆದೇಶ ಇದ್ರೆ ಕಲಂ 20(6) ಇನ್ನೂ ಸುಲಭ, ಮಾಲೀಕನೇ ನೇರವಾಗಿ ಹೆಣ್ಣುಮಗಳ ಖಾತೆಗೆ ಹಾಕಬೇಕು.

ಕೊಪ್ಪಳದ_ಕಲ್ಲು
ಪಿಎಫ್ ಕೂಡ ಹಿಡೀಬಹುದು ಅಲ್ವಾ?

ತುಂಗಾತೀರ
ಅದನ್ನು ನಂಬಿಕೊಂಡು ಅರ್ಜಿ ಹಾಕಬೇಡಿ. ಪಿಎಫ್ ಕಾನೂನು ಆ ದುಡ್ಡಿಗೆ ಜಪ್ತಿಯಿಂದ ರಕ್ಷಣೆ ಕೊಡುತ್ತೆ. ಸಂಬಳ, ಬ್ಯಾಂಕ್ ಠೇವಣಿ, ಬಾಡಿಗೆ ವರಮಾನ, ಇವು ಮೊದಲು.

ಕರಾವಳಿಯವ
ಆದ್ರೆ ಸಿವಿಲ್ ದಾರಿಯಲ್ಲಿ ಅರೆಸ್ಟ್ ಕೇಳುವ ಮೊದಲು ಯೋಚನೆ ಮಾಡಿ ಮಾರಾಯ್ರೆ. ಸಿಪಿಸಿಯ ಆದೇಶ 21 (ಅಲ್ಲಿ ಅಧ್ಯಾಯಕ್ಕೆ ‘ಆದೇಶ’ ಅಂತಾರೆ) ನಿಯಮ 39ರ ಪ್ರಕಾರ ಗಂಡನನ್ನು ಸಿವಿಲ್ ಜೈಲಿಗೆ ಕಳಿಸ್ಬೇಕಾದ್ರೆ ಅವನ ಊಟದ ಬತ್ತೆಯನ್ನು ಅರ್ಜಿ ಹಾಕಿದವರೇ ಕೋರ್ಟಿಗೆ ಕಟ್ಟಬೇಕು. ಜೀವನಾಂಶ ಸಿಗದೆ ಕಂಗೆಟ್ಟ ಹೆಂಗಸು ಅವನ ಜೈಲೂಟಕ್ಕೆ ದುಡ್ಡು ಹೊಂದಿಸುವುದು ಅಂದ್ರೆ ಎಂಥ ಅನ್ಯಾಯ! 5,000 ಮೀರಿದ ಬಾಕಿಗೆ ಗರಿಷ್ಠ ಮೂರು ತಿಂಗಳು. ಆಮೇಲೆ ಅದೇ ಡಿಕ್ರಿಯಲ್ಲಿ ಪುನಃ ಹಿಡಿಯಲಿಕ್ಕೆ ಆಗುವುದಿಲ್ಲ, ಸಾಲ ಮಾತ್ರ ಉಳೀತದೆ. ಬಿಎನ್‌ಎಸ್‌ಎಸ್ 144ರಲ್ಲಿ ಈ ಬತ್ತೆಯ ತಾಪತ್ರಯ ಇಲ್ಲ, ಖರ್ಚು ಸರ್ಕಾರದ್ದು.

ಬಯಲುಸೀಮೆ
ಇದು ಗೊತ್ತೇ ಇರಲಿಲ್ಲ. ಸರಿ, ಒಳಗೆ ಹೋದವನು ದುಡಿದು ಕಟ್ಟಬಹುದಲ್ಲ? ಜೈಲಲ್ಲಿ ಕೂಲಿ ಜಾಸ್ತಿ ಮಾಡಿದ್ದಾರೆ ಅಂತ ಸುದ್ದಿ ಬಂದಿತ್ತು.

ಕಂಬಿಯಾಚೆ
ಕರ್ನಾಟಕದಲ್ಲಿ ಸಜಾ ಕೈದಿಗಳ ಕೂಲಿ ದಿನಕ್ಕೆ 500 ರೂಪಾಯಿ ದಾಟಿದೆ, ನಿಜ. ಅದು ಕೆಲಸಕ್ಕೆ ಹಚ್ಚಿದ ಸಜಾ ಕೈದಿಗಳಿಗೆ. ಜೀವನಾಂಶದ ಬಾಕಿಗೆ ಬಂದವನಿಗೆ ಸಾಮಾನ್ಯವಾಗಿ ಸಾದಾ ಸಜೆ, ಕೆಲಸ ಕಡ್ಡಾಯವಲ್ಲ. ಒಂದು ತಿಂಗಳಿಗೆ ಬಂದವನನ್ನು ಬೇಕರಿಗೋ ಮಗ್ಗಕ್ಕೋ ಹಾಕಿ ಕೆಲಸ ಕಲಿಸೋ ಹೊತ್ತಿಗೆ ಬಿಡುಗಡೆ ದಿನ ಬಂದಿರುತ್ತೆ. ಹೊರಗೆ ಗಾರೆ ಕೆಲಸ ಮಾಡ್ತಿದ್ದವನ ಒಂದು ತಿಂಗಳ ಕೂಲಿಯೂ ಹೋಯ್ತು. ವಿಚಾರಣಾಧೀನರದ್ದೂ, ಅಂದ್ರೆ ಕೇಸು ತೀರ್ಮಾನ ಆಗದೆ ಒಳಗಿರೋರದ್ದೂ, ಇದೇ ಕಥೆ, ದುಡಿಮೆ ಇಲ್ಲ. 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿ ನೋಡಿ, ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರಲ್ಲಿ ಸಂಸಾರಸ್ಥರ ಮನೆಗಳು ಹೇಗೆ ನಡೀತಿವೆ ಅನ್ನೋದನ್ನು ಕೇಳೋ ಇಲಾಖೆಯೇ ಇಲ್ಲ.

ದೀರ್ಘ ಸಜೆಯವನಾದ್ರೆ ಕೂಲಿಯ ಹಣವನ್ನು ಮನೆಗೆ ಕಳಿಸೋಕೆ ಅವಕಾಶ ಇದೆ. ಕೌಟುಂಬಿಕ ನ್ಯಾಯಾಲಯ ತನ್ನ ಆದೇಶದಲ್ಲೇ ‘ಕೂಲಿಯಿಂದ ಇಷ್ಟು ಅರ್ಜಿದಾರಳ ಖಾತೆಗೆ’ ಅಂತ ಬರೆದು ಅಧೀಕ್ಷಕರಿಗೆ ಪ್ರತಿ ಕಳಿಸಲಿ ಅಂತ ಕೇಳಿಕೊಳ್ಳಿ. ಕೇಳೋರು ಕಡಿಮೆ ಅನ್ನೋದೇ ತೊಂದರೆ.

ರಾಗಿಮುದ್ದೆ_ರಾಮನಗರ
ಜೈಲಲ್ಲಿ ದುಡ್ಡಿದ್ದೋರಿಗೆ ಬೇರೆ, ಇಲ್ಲದೋರಿಗೆ ಬೇರೆ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿಂದು ಎಲ್ಲರಿಗೂ ಗೊತ್ತಿರೋದೇ. 2017ರಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ ಅಲ್ಲಿ ಕೆಲವರಿಗೆ ವಿಶೇಷ ಸೌಲಭ್ಯ ಸಿಗ್ತಿದೆ ಅಂತ ವರದಿ ಕೊಟ್ಟಾಗ ಎಷ್ಟು ಗಲಾಟೆ ಆಯ್ತು.

ಕಡತವಿಲೇವಾರಿ
ಆ ವರದಿ ಮೇಲೆ ಸರ್ಕಾರ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರಿಂದ ವಿಚಾರಣೆಯನ್ನೂ ಮಾಡಿಸಿತು. ಅದು ದೊಡ್ಡ ವಿಷಯ, ಬೇರೆ ಎಳೆ ಶುರು ಮಾಡಿ ಸರ್. ಇಲ್ಲಿ ಹೆಸರೇ ಕೇಳದ ಬಡ ಕೈದಿಯ ಸಮನ್ಸ್ ಬಗ್ಗೆ ಮಾತಾಡೋಣ.

ಹೈಕೋರ್ಟ್_ಎದುರುಗಡೆ
ಹೌದು, ಎರಡನೇ ಪ್ರಶ್ನೆಗೆ ಬರೋಣ. ಸಮನ್ಸ್ ವಿಷಯದಲ್ಲಿ ಕಾನೂನು ಒಂದು ಚೂರೂ ಗೊಂದಲ ಇಟ್ಟಿಲ್ಲ. ಸಿಪಿಸಿ ಆದೇಶ 5 ನಿಯಮ 24: ಪ್ರತಿವಾದಿ ಜೈಲಲ್ಲಿದ್ರೆ ಸಮನ್ಸನ್ನು ಜೈಲಿನ ಅಧಿಕಾರಿಗೆ ಕಳಿಸಬೇಕು, ಅವರು ಅವನಿಗೆ ಜಾರಿ ಮಾಡಿ ವಾಪಸ್ ಕಳಿಸಬೇಕು. ಆದ್ರೆ ಅರ್ಜಿಯ ಕಾಸ್ ಟೈಟಲ್‌ನಲ್ಲಿ (ಎರಡೂ ಕಡೆಯವರ ಹೆಸರು ವಿಳಾಸ ಇರೋ ತಲೆಬರಹ) ಮನೆ ವಿಳಾಸ ಮಾತ್ರ ಹಾಕಿದ್ರೆ ಕೋರ್ಟಿಗೆ ಗೊತ್ತಾಗೋದು ಹೇಗೆ? ಹೆಂಡತಿಗೆ ಅವನು ಎಲ್ಲಿದ್ದಾನೆ ಅನ್ನೋದು ಎಷ್ಟೋ ಸಲ ಗೊತ್ತಿರುತ್ತೆ. ಎರಡು ಸಾಲು ಸೇರಿಸಿ: ‘ಸದ್ಯ ಇಂತಹ ಕಾರಾಗೃಹದಲ್ಲಿ, ವಿಚಾರಣಾಧೀನ ಕೈದಿ ಸಂಖ್ಯೆ ಇಷ್ಟು, ಅಧೀಕ್ಷಕರ ಮೂಲಕ’. ಕೈದಿ ಸಂಖ್ಯೆ ಇಲ್ಲದಿದ್ರೆ ಅಪರಾಧ ಸಂಖ್ಯೆ, ಠಾಣೆ, ತಂದೆ ಹೆಸರು ಹಾಕಿ. ಒಂದೇ ಹೆಸರಿನ ಹತ್ತು ಜನ ಒಳಗಿರ್ತಾರೆ.

ಅವನನ್ನು ಸಾಕ್ಷಿ ಹೇಳೋಕೆ ಕರೆಸಬೇಕಾದ್ರೆ ಆದೇಶ 16-ಎ ನೋಡಿ. ಜೈಲು ಕೋರ್ಟಿನಿಂದ 25 ಕಿಲೋಮೀಟರ್‌ಗಿಂತ ದೂರ ಇದ್ರೆ, ಕಮಿಷನ್ ಮೂಲಕ (ಕೋರ್ಟ್ ನೇಮಿಸಿದವರ ಮುಂದೆ) ಹೇಳಿಕೆ ಪಡೆಯೋದು ಸಾಲದು ಅಂತ ಕೋರ್ಟಿಗೆ ಮನವರಿಕೆ ಆದ್ರೆ ಮಾತ್ರ ಹಾಜರುಪಡಿಸೋ ಆದೇಶ. ಬೆಂಗಾವಲು ಪೊಲೀಸರ ಖರ್ಚು ಕಟ್ಟೋಕೂ ಕೋರ್ಟ್ ಹೇಳಬಹುದು. ‘ಬೆಂಗಾವಲು ಸಿಬ್ಬಂದಿ ಇಲ್ಲ’ ಅನ್ನೋ ಪತ್ರ ಎಷ್ಟು ಕೇಸುಗಳನ್ನು ವರ್ಷಗಟ್ಟಲೆ ಎಳೆದಿದೆ! ಅದಕ್ಕೇ ಮೊದಲ ದಿನವೇ ವಿಡಿಯೊ ಕಾನ್ಫರೆನ್ಸ್ ಹಾಜರಾತಿಗೆ ಮೆಮೊ (ಚಿಕ್ಕ ಲಿಖಿತ ಕೋರಿಕೆ) ಹಾಕಿಬಿಡಿ.

ಮಲ್ಲಿಗೆಬಳ್ಳಿ
ಎಕ್ಸ್‌ಪಾರ್ಟಿ ಆಗಿಬಿಟ್ಟಿದ್ರೆ?

ಹೈಕೋರ್ಟ್_ಎದುರುಗಡೆ
ಬಿಎನ್‌ಎಸ್‌ಎಸ್ 145(2). ಆದೇಶದ ದಿನದಿಂದ ಮೂರು ತಿಂಗಳೊಳಗೆ ಸೂಕ್ತ ಕಾರಣ ತೋರಿಸಿ ರದ್ದು ಕೇಳಬಹುದು. ಜೈಲಿನಲ್ಲಿ ಇದ್ದೆ ಅನ್ನೋದಕ್ಕೆ ಅಧೀಕ್ಷಕರಿಂದ ಬಂಧನ ಪ್ರಮಾಣಪತ್ರ ತೆಗೆಸಿ: ಒಳಬಂದ ದಿನ, ಹೊರಹೋದ ದಿನ, ಕೇಸ್ ನಂಬರ್. ವಕಾಲತ್ತಿಗೆ ಕೈದಿ ಸಹಿ ಹಾಕಿ ಜೈಲು ಅಧಿಕಾರಿ ದೃಢೀಕರಿಸಬೇಕು. ಇದರಲ್ಲೇ ಹತ್ತು ಹದಿನೈದು ದಿನ ಕಳೆದುಹೋಗುತ್ತೆ, ಮೂರು ತಿಂಗಳು ಅಂದ್ರೆ ಬಹಳ ಹೊತ್ತಲ್ಲ.

ಕಂಬಿಯಾಚೆ
ಇನ್ನೊಂದು, ಇದನ್ನು ಪ್ರತಿ ಜೈಲಿನ ಗೋಡೆಯ ಮೇಲೆ ಬರೆಸಬೇಕು. ಜೈಲಿಗೆ ಹೋದ ಮಾತ್ರಕ್ಕೆ ಜೀವನಾಂಶದ ಮೀಟರ್ ತಾನಾಗೇ ನಿಲ್ಲೋದಿಲ್ಲ. ಪರಿಸ್ಥಿತಿ ಬದಲಾಗಿದೆ, ಮೊತ್ತ ಇಳಿಸಿ ಅಂತ ಬಿಎನ್‌ಎಸ್‌ಎಸ್ ಕಲಂ 146ರಲ್ಲಿ ಅವನೇ ಅರ್ಜಿ ಹಾಕಬೇಕು. ಒಳಗಿರೋರಿಗೆ ಇದನ್ನು ಯಾರೂ ಹೇಳೋದಿಲ್ಲ.

ಕೊಪ್ಪಳದ_ಕಲ್ಲು
ವಕೀಲರಿಗೆ ಕೊಡೋಕೆ ಕಾಸೆಲ್ಲಿ?

ತುಂಗಾತೀರ
1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಕಲಂ 12. ಬಂಧನದಲ್ಲಿರೋರು, ಮಹಿಳೆಯರು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು. ಅಂದ್ರೆ ಈ ಎಳೆಯ ಎರಡೂ ಪಕ್ಷದವರಿಗೆ, ಒಳಗಿರೋ ಗಂಡನಿಗೂ ಹೊರಗಿರೋ ಹೆಂಡತಿಗೂ. ಸಹಾಯವಾಣಿ 15100. ಬೆಂಗಳೂರಲ್ಲಿ ಕೌಟುಂಬಿಕ ನ್ಯಾಯಾಲಯವೂ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲೇ ಇವೆ.

ರಾಗಿಮುದ್ದೆ_ರಾಮನಗರ
ಕೇಂದ್ರ ಸರ್ಕಾರದ್ದು ಬಡ ಕೈದಿಗಳ ಸ್ಕೀಮ್ ಇದೆಯಲ್ಲ, ಅದರಲ್ಲಿ ಜೀವನಾಂಶ ಕಟ್ಟಿಸಿ ಬಿಡಿಸಬಹುದು.

ಹಳೇಫೈಲು
ಇಲ್ಲ ಸರ್, ಈ ತಪ್ಪು ತಿಳಿವಳಿಕೆ ಹರಡಬಾರದು. 2023ರ ಆ ಯೋಜನೆಯಲ್ಲಿ ವಿಚಾರಣಾಧೀನನ ಜಾಮೀನು ಭದ್ರತೆಗೆ, ಸಜಾ ಕೈದಿಯ ದಂಡಕ್ಕೆ ಒಂದು ಮಿತಿಯವರೆಗೆ ಅವಕಾಶ. ಜೀವನಾಂಶ ದಂಡವಲ್ಲ, ಹೆಂಡತಿ ಮಕ್ಕಳ ಹಕ್ಕಿನ ಹಣ. ‘ದಂಡದ ಹಾಗೆ ವಸೂಲಿ’ ಅಂದ ಮಾತ್ರಕ್ಕೆ ಅದು ದಂಡ ಆಗಲ್ಲ.

ರಾಗಿಮುದ್ದೆ_ರಾಮನಗರ
ಹಂಗಾದ್ರೆ ಅದೇ ಯೋಜನೆಯನ್ನು ವಿಸ್ತರಿಸಲಿ ಅನ್ನೋದು ನನ್ನ ವಾದ. ಸರ್ಕಾರ ಮೊದಲು ಹೆಂಡತಿಗೆ ಕೊಟ್ಟು ಆಮೇಲೆ ಗಂಡನಿಂದ ವಸೂಲಿ ಮಾಡಿಕೊಳ್ಳಲಿ. ವಸೂಲಿಯ ಬಲ ಸರ್ಕಾರಕ್ಕಿದೆ, ಆ ಹೆಣ್ಣುಮಗಳಿಗಿಲ್ಲ.

ಮಲ್ಲಿಗೆಬಳ್ಳಿ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮಧ್ಯಂತರ ಅರ್ಜಿಯನ್ನೇ ನೋಟಿಸ್ ಜಾರಿಯಾದ 60 ದಿನದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಮುಗಿಸಬೇಕು ಅಂತ ಕಾನೂನು ಹೇಳುತ್ತೆ. ‘ಸಾಧ್ಯವಾದಷ್ಟು’ ಅನ್ನೋ ಆ ಒಂದು ಪದದಲ್ಲಿ ಮಕ್ಕಳ ಶಾಲೆ ಫೀಸು, ಮನೆ ಬಾಡಿಗೆ ಎಲ್ಲಾ ಮುಳುಗಿಹೋಗ್ತಿದೆ.

ಧಾರವಾಡ_ಸಾಧನಕೇರಿ
60 ದಿವಸ ಆಗಂಗಿಲ್ಲ ಅಂದ್ರ ಅದರಾಗ ಅರ್ಧ ತಪ್ಪು ಆಸ್ತಿ ಅಫಿಡವಿಟ್‌ದು. ರಜನೇಶ್ ತೀರ್ಪಿನ ನಮೂನೆ ಎರಡೂ ಕಡೆಯವರು ತುಂಬಬೇಕು, ಎದುರಿನವರು ನಾಕು ವಾರದೊಳಗ. ರೈತರಿಗೆ ಬ್ಯಾರೆ ನಮೂನೆ ಐತಿ. ಹೊಲ ಇದ್ದವರೂ ಪ್ಯಾಟಿ ನಮೂನೆ ತುಂಬಿ, ಬೆಳೆ, ನೀರಾವರಿ, ಸಾಲದ ವಿವರ ಬಿಟ್ಟು ಕೊಡ್ತಾರ. ಮತ್ತ ತಿದ್ದುಪಡಿ, ಮತ್ತ ತಾರೀಖು.

ಕಂಬಿಯಾಚೆ
ಇನ್ನು ವಿಚಾರಣಾಧೀನರ ಬಿಡುಗಡೆ. ಹೊಣೆಗಾರಿಕೆ ಯಾರ ತಲೆ ಮೇಲಿದೆ ಅಂತ ಕಾನೂನೇ ಹುದ್ದೆ ಹೆಸರಿಸಿ ಹೇಳಿದ ಕಡೆ ಇದು. ಬಿಎನ್‌ಎಸ್‌ಎಸ್ 479: ಮೊದಲ ಸಲದ ಆರೋಪಿ ಗರಿಷ್ಠ ಸಜೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ರೆ, ಉಳಿದವರು ಅರ್ಧ ಕಳೆದಿದ್ರೆ ಬಿಡುಗಡೆ. ಉಪಕಲಂ 3ರ ಪ್ರಕಾರ ಆ ಅವಧಿ ಮುಗಿದ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಸಲ್ಲಿಸಬೇಕಾದವರು ಜೈಲು ಅಧೀಕ್ಷಕರು. ಕೈದಿ ಕೇಳಬೇಕಾಗಿಲ್ಲ. ಕಾಯ್ದೆ ಬರೋ ಮೊದಲಿನ ಪ್ರಕರಣಗಳಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಲೆಕ್ಕ ಹೀಗೆ: ಹೆಂಡತಿಗೆ ಕ್ರೌರ್ಯದ ಕಲಂ, ಹಳೇ ಐಪಿಸಿ 498-ಎ, ಈಗಿನ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 85, ಗರಿಷ್ಠ 3 ವರ್ಷ. ಮೊದಲ ಸಲದವನಿಗೆ 12 ತಿಂಗಳು, ಉಳಿದವರಿಗೆ 18.

ಕೊಪ್ಪಳದ_ಕಲ್ಲು
ವರದಕ್ಷಿಣೆ ಸಾವಿನ ಕೇಸಿಗೂ ಇದೇ ಲೆಕ್ಕನಾ?

ಕಂಬಿಯಾಚೆ
ಇಲ್ಲ. ಅಲ್ಲಿ ಜೀವಾವಧಿವರೆಗೆ ಶಿಕ್ಷೆ ಇದೆ, 479 ಬರಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೂ ಉಪಕಲಂ 2 ಅಡ್ಡ ಬರುತ್ತೆ. ಗಂಡನ ಮನೆಯ ಐದಾರು ಮಂದಿ ಮೇಲೆ ಎರಡು ಮೂರು ಕಲಂ ಒಟ್ಟಿಗೆ ಹಾಕಿದಾಗ ಇಲ್ಲೇ ಜಗಳ ಶುರುವಾಗೋದು.

ಕಡತವಿಲೇವಾರಿ
ಹಾಗಾದ್ರೆ ಆರ್‌ಟಿಐ ಹೇಗೆ ಹಾಕಬೇಕು ಅಂತ ಹೇಳಿಬಿಡ್ತೀನಿ. ಕರ್ನಾಟಕದ ನಿಯಮ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, 10 ರೂಪಾಯಿ ಪೋಸ್ಟಲ್ ಆರ್ಡರ್. ಜೈಲು, ಡಿಸಿ, ಎಸ್‌ಪಿ ಎಲ್ಲಾ ಸೇರಿಸಿ ಒಂದೇ ಅರ್ಜಿ ಬರೆದ್ರೆ ಅಲ್ಲೇ ತಿರಸ್ಕಾರ. ಮೂರು ಬೇರೆ ಬೇರೆ ಬರೀರಿ.

ಜೈಲಿಗೆ: ‘ಇಂತಹ ಕಾರಾಗೃಹದಿಂದ ಬಿಎನ್‌ಎಸ್‌ಎಸ್ 479(3)ರಡಿ ನ್ಯಾಯಾಲಯಗಳಿಗೆ ಸಲ್ಲಿಸಿದ ಅರ್ಜಿಗಳ ತಿಂಗಳವಾರು ಸಂಖ್ಯೆ, ಸಲ್ಲಿಕೆ ದಿನಾಂಕದ ರಿಜಿಸ್ಟರ್‌ನ ದೃಢೀಕೃತ ನಕಲು’. ಡಿಸಿ ಕಚೇರಿಗೆ: ‘ಜೀವನಾಂಶ ವಸೂಲಿಗೆ ನ್ಯಾಯಾಲಯಗಳಿಂದ ಬಂದ ವಾರಂಟ್‌ಗಳ ವಹಿಯ ನಕಲು, ವಸೂಲಾದ ಮೊತ್ತ’. ಎಸ್‌ಪಿ ಕಚೇರಿಗೆ: ‘ಬಂದ ಎಫ್‌ಎಲ್‌ಡಬ್ಲ್ಯು ಎಷ್ಟು, ಜಾರಿ ಎಷ್ಟು, ಜಾರಿಯಾಗದೆ ವಾಪಸ್ ಎಷ್ಟು’. ಕೈದಿಗಳ ಹೆಸರು ಕೇಳಬೇಡಿ, ಖಾಸಗಿ ಮಾಹಿತಿ ಅಂತ ತಳ್ಳಿಹಾಕ್ತಾರೆ. ‘ಯಾಕೆ ಮಾಡಿಲ್ಲ’ ಅಂತಲೂ ಕೇಳಬೇಡಿ, ದಾಖಲೆ ಕೇಳಿ. ದಾಖಲೆ ಇಲ್ಲ ಅಂತ ಬರವಣಿಗೆಯಲ್ಲಿ ಉತ್ತರ ಬಂದ್ರೆ ಅದೇ ನಿಮ್ಮ ಶಾಸಕರು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಬಾಯಿಮಾತಲ್ಲೇ ಉತ್ತರ ಕೊಡಬೇಕಾದದ್ದು) ಕೇಳೋಕೆ ಆಧಾರ. 30 ದಿನದಲ್ಲಿ ಉತ್ತರ ಬರದಿದ್ರೆ ಮೊದಲ ಮೇಲ್ಮನವಿ. ಜೀವ, ಸ್ವಾತಂತ್ರ್ಯದ ವಿಷಯಕ್ಕೆ 48 ಗಂಟೆ. ಅವಧಿ ಮೀರಿ ಒಳಗಿರೋ ಒಬ್ಬ ಕೈದಿಯ ವಿಷಯದಲ್ಲಿ ಇದನ್ನು ಧೈರ್ಯವಾಗಿ ಬಳಸಿ.

ಹೈಕೋರ್ಟ್_ಎದುರುಗಡೆ
ಇದಕ್ಕೆ ಒಂದು ಸೇರ್ಪಡೆ. ಜಿಲ್ಲೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರು, ಡಿಸಿ, ಎಸ್‌ಪಿ, ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಎಲ್ಲರೂ ಇರ್ತಾರೆ. ಒಂದು ಇಲಾಖೆ ಇನ್ನೊಂದರ ಕಡೆ ಕೈ ತೋರಿಸೋಕೆ ಆಗದ ಮೇಜು ಅದೊಂದೇ. ಜೈಲಿನಲ್ಲಿರೋರ ಮೇಲೆ ಬಾಕಿ ಇರೋ ಕೌಟುಂಬಿಕ ಕೇಸುಗಳ ಪಟ್ಟಿಯನ್ನೂ ಅದೇ ಸಭೆಯಲ್ಲಿ ನೋಡಲಿ ಅಂತ ಪ್ರಾಧಿಕಾರದ ಕಾರ್ಯದರ್ಶಿಗೆ ಮನವಿ ಕೊಡಿ. ಹೊಸ ಕಾನೂನು ಬೇಕಿಲ್ಲ. ಇ-ಪ್ರಿಸನ್ಸ್‌ನ (ಜೈಲುಗಳ ಕಂಪ್ಯೂಟರ್ ದಾಖಲೆ) ಹೆಸರುಗಳನ್ನು ಇ-ಕೋರ್ಟ್ಸ್‌ನ (ಕೋರ್ಟುಗಳದ್ದು) ಹೆಸರುಗಳ ಜೊತೆ ತಾಳೆ ನೋಡಿದ್ರೆ ಆಯ್ತು.

ಕರಾವಳಿಯವ
ಎಲ್ಲರೂ ಗಂಡಸರ ಬಗ್ಗೆಯೇ ಹೇಳಿದಿರಿ. ತಾಯಿ ಜೈಲಲ್ಲಿದ್ದರೆ? 2006ರ ಸುಪ್ರೀಂ ಕೋರ್ಟಿನ ಆರ್.ಡಿ. ಉಪಾಧ್ಯಾಯ ತೀರ್ಪಿನ ಪ್ರಕಾರ 6 ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಅದನ್ನು ಕೈದಿಯ ಹಾಗೆ ನಡೆಸಿಕೊಳ್ಳುವ ಹಾಗಿಲ್ಲ. ಬೇರೆ ಊಟ, ಶಿಶುವಿಹಾರ ಬೇಕು. ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಜೈಲು ಅಂತ ಬರೆಯಬಾರದು. ಮಗುವಿಗೆ ಆರು ತುಂಬುವ ಮೊದಲೇ ಅಜ್ಜಿ ಮನೆಗೋ ಚಿಕ್ಕಮ್ಮನ ಹತ್ತಿರವೋ ಅಂತ ತೀರ್ಮಾನ ಆಗಬೇಕು, ಕಡೇ ವಾರದಲ್ಲಿ ಓಡಾಡಿದ್ರೆ ಮಗು ಸೀದಾ ಬಾಲಮಂದಿರಕ್ಕೆ. ಸಾಕುವ ಸಂಬಂಧಿಕರು ಬಡವರಾದ್ರೆ ಮಕ್ಕಳ ಕಲ್ಯಾಣ ಸಮಿತಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪ್ರಾಯೋಜಕತ್ವದ (ಮಗುವನ್ನು ಸಾಕಲಿಕ್ಕೆ ತಿಂಗಳ ನೆರವು) ಅರ್ಜಿ ಕೊಡಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000.

ಮಲ್ಲಿಗೆಬಳ್ಳಿ
ತುಂಬಾ ಉಪಕಾರ ಆಯ್ತು. ಮಗುವಿನ ಕಸ್ಟಡಿ ಕೇಸು ನಡೀತಿರುವಾಗ ಒಳಗಿರೋ ತಾಯಿಗೆ ಮಗುವಿನ ಮುಖ ತೋರಿಸೋದು ಹೇಗೆ? ಗಂಡನ ಮನೆಯವರು ಕರೆದುಕೊಂಡು ಹೋಗಲ್ಲ ಅಂತಾರೆ.

ಹೈಕೋರ್ಟ್_ಎದುರುಗಡೆ
ಅದೇ ಕಸ್ಟಡಿ ಕೇಸಲ್ಲಿ ಭೇಟಿಗೆ ಮಧ್ಯಂತರ ಅರ್ಜಿ ಹಾಕಿಸಿ ಮೇಡಂ. ‘ಭೇಟಿಗೆ ಅವಕಾಶ’ ಅಂತಷ್ಟೇ ಕೇಳಬೇಡಿ. ಯಾವ ವಾರ, ಎಷ್ಟು ಗಂಟೆಗೆ, ಖುದ್ದಾಗಿಯೋ ಇ-ಮುಲಾಖಾತ್ (ಜೈಲಿನ ವಿಡಿಯೊ ಭೇಟಿ) ಮೂಲಕವೋ, ಮಗುವಿನ ಜೊತೆ ಯಾರಿರಬೇಕು, ಎಲ್ಲಾ ಆದೇಶದಲ್ಲೇ ಬರಬೇಕು. ವಿಡಿಯೊ ಭೇಟಿಗೆ ಮುಂಚೆಯೇ ಹೆಸರು ನೋಂದಾಯಿಸಬೇಕು, ಭೇಟಿ ಮಾಡೋರ ಗುರುತಿನ ಚೀಟಿ, ಮೊಬೈಲ್ ನಂಬರ್ ಬೇಕು. ಆದೇಶದ ದೃಢೀಕೃತ ಪ್ರತಿಯನ್ನು ಅಧೀಕ್ಷಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇನ್ನೊಂದನ್ನು ಜೈಲು ಕಚೇರಿಗೇ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಒಂದು ವಾರ ತಪ್ಪಿದ್ರೂ ಮುಂದಿನ ತಾರೀಖಿಗೆ ಆ ಸೀಲ್ ಇರೋ ಪ್ರತಿ ಇಟ್ಟು ಮೆಮೊ ಹಾಕಿ.